ಎರಡು ಬ್ರೇಕಿನ ಕಾರು

ಮದುವೆಗೆ ಹೋಗೋಣ ಎಂದರೆ ಸಾಕು, ಡ್ರೈವಿಂಗ್ ಮೇಷ್ಟ್ರಿಗೆ ಎಲ್ಲಿಲ್ಲದ ಸೊಂಟನೋವು ಬರುತ್ತಿತ್ತು. ಆದರೆ ಈ ಸಲ ಭಾಮೈದ ತನ್ನ ಮಗಳ ಮದುವೆಗೆ ಕರೆಯುವಾಗ ಫೋನಿನಲ್ಲಿ ಬಹಳ ಹುಷಾರಾಗಿ ಒಂದು ಮಾತು ಸೇರಿಸಿದ. "ಭಾವ, ಛತ್ರದಿಂದ ಹುಡುಗನ ಮನೆಗೆ ಮದುಮಕ್ಕಳನ್ನ ನೀವೇ ಕರ್ಕೊಂಡು ಹೋಗ್ಬೇಕು. ನಿಮ್ಮಷ್ಟು ನಯವಾಗಿ ಕಾರು ಓಡಿಸೋರು ನಮ್ಮ ಕಡೆ ಯಾರಿದಾರೆ ಹೇಳಿ?"

ಸೊಂಟನೋವು ಆ ಗಳಿಗೆಯಲ್ಲೇ ಮಾಯ. ಮೇಷ್ಟ್ರು ಪೇಟೆಗೆ ಹೋಗಿ ಬಿಳಿ ಕೈಗವಸು ಕೊಂಡು ತಂದರು. ಕನ್ನಡಿಯ ಮುಂದೆ ಸ್ಟೂಲು ಹಾಕಿಕೊಂಡು, ಊಟದ ತಟ್ಟೆಯನ್ನೇ ಸ್ಟೇರಿಂಗ್ ಮಾಡಿ ತಿರುಗಿಸಿ ನೋಡಿಕೊಂಡರು. ವಿಡಿಯೋದಲ್ಲಿ ಎಡಗಡೆಯಿಂದ ಚೆನ್ನಾಗಿ ಕಾಣುತ್ತೇನೋ ಬಲಗಡೆಯಿಂದಲೋ ಎಂಬ ಗಹನವಾದ ಪ್ರಶ್ನೆ ಅವರನ್ನು ಹಗಲೂ ರಾತ್ರಿ ಕಾಡತೊಡಗಿತು.

"ಹೇಗೂ ಹೋಗ್ತೀವಿ, ಎರಡು ದಿನ ಮೊದಲೇ ಹೊರಟು ಅಲ್ಲಿ ಇಲ್ಲಿ ನೋಡ್ಕೊಂಡು ಹೋಗೋಣ," ಎಂದಳು ಹೆಂಡತಿ. "ಆದ್ರೆ ಕಾರಿನ ತಲೆ ಮೇಲಿರೋ ಆ ಬೋರ್ಡು ತೆಗೀರಿ. ಮದುವೆ ಹುಡುಗಿನ ಎಲ್ ಬೋರ್ಡಿನ ಕಾರಲ್ಲಿ ಕೂರಿಸ್ತಾರಾ ಯಾರಾದ್ರೂ?"

"ಸ್ಕ್ರೂ ತುಕ್ಕು ಹಿಡಿದಿದೆ ಕಣೇ, ಬರಲ್ಲ," ಎಂದರು ಮೇಷ್ಟ್ರು. (ತುಕ್ಕೂ ಇಲ್ಲ, ಗಿಕ್ಕೂ ಇಲ್ಲ. ಹಿಂದಿನ ದಿನವಷ್ಟೇ ಎಣ್ಣೆ ಬಿಟ್ಟು ಬಿಗಿ ಮಾಡಿದ್ದರು. 'ನಂಬಿ ಬನ್ನಿ, ಕಲಿತು ಹೋಗಿ' ಎಂಬ ತಮ್ಮ ಸ್ಕೂಲಿನ ಘೋಷವಾಕ್ಯ ಮದುವೆಯ ವಿಡಿಯೋದಲ್ಲಿ ಬರಲಿ ಎಂಬ ದೂರಾಲೋಚನೆ ಅದು.)

ಇಲ್ಲಿ ಹೆಂಡತಿಯ ವಿಷಯ ಸ್ವಲ್ಪ ಹೇಳಬೇಕು. ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ ಮೇಷ್ಟ್ರು ಅವಳಿಗೆ ಮಾತ್ರ ಕಲಿಸಿರಲಿಲ್ಲ. ಮದುವೆಯಾದ ಹೊಸದರಲ್ಲಿ ಒಂದು ದಿನ ಮೈದಾನಕ್ಕೆ ಕರೆದುಕೊಂಡು ಹೋಗಿದ್ದುಂಟು. "ಕ್ಲಚ್ಚು! ಕ್ಲಚ್ಚು ಅಂದ್ನಲ್ಲ! ಕಾಲೋ ಕಂಬವೋ ಅದು?" ಎಂದು ಮೇಷ್ಟ್ರು ಕೂಗಿದ್ದೂ, ಅವಳು ಕಾರನ್ನು ಅಲ್ಲೇ ನಿಲ್ಲಿಸಿ ಇಳಿದು ಮನೆಗೆ ನಡೆದೇ ಹೋದದ್ದೂ ಆಯಿತು. ಅಂದಿನಿಂದ ಮೇಷ್ಟ್ರು ನಾಲ್ಕು ಜನ ಸೇರಿದ ಕಡೆಯಲ್ಲೆಲ್ಲ, "ನಮ್ಮನೆಯವಳಿಗೆ ಕೈಗೂ ಕಾಲಿಗೂ ಮಾತುಕತೆ ಇಲ್ಲ," ಎಂದು ಹೇಳಿ ತಾವೇ ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ. ಮನಸ್ಸಿಗೆ ಹಚ್ಚಿಕೊಂಡಿದ್ದಳು, ಬಾಯಿ ಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಅಂತೂ ಸವಾರಿ ಹೊರಟಿತು. ಮೇಷ್ಟ್ರು ಸ್ಟೇರಿಂಗಿಗೆ, ಪಕ್ಕದಲ್ಲಿ ಹೆಂಡತಿ, ಹಿಂದೆ ಮೇಷ್ಟ್ರ ಅತ್ತೆ. ಅತ್ತೆ ಮಾತು ಕಡಿಮೆಯ ಹೆಂಗಸು. ಹೊಸ ಫೋನು ಬಂದ ಮೇಲಂತೂ ಪೂರಾ ಮೌನ. ಕಂಡದ್ದನ್ನೆಲ್ಲ ಫೋಟೋ ಹೊಡೆಯುವುದೊಂದೇ ಕೆಲಸ.

ಕಲಿಸುವ ಕಾರಲ್ಲವೇ, ಪಕ್ಕದ ಸೀಟಿನವರ ಕಾಲ ಬಳಿಯೂ ಒಂದು ಕ್ಲಚ್ಚು, ಒಂದು ಬ್ರೇಕು ಇತ್ತು. "ಕಾಲು ಮಡಚಿ ಕೂತ್ಕೋ. ಅದು ಮೇಷ್ಟ್ರ ಜಾಗ, ಏನೂ ಮುಟ್ಬೇಡ," ಎಂದು ಅಪ್ಪಣೆಯಾಯಿತು. ಅವಳು ಗೌರಮ್ಮನ ಹಾಗೆ ಕಾಲು ಮಡಚಿದಳು.

ಊರು ದಾಟಿ ಸ್ವಲ್ಪ ದೂರ ಹೋಗಿರಬಹುದು. "ರೀ, ಜಲಪಾತ!" ಎಂದಳು. "ಟೈಮಿಲ್ಲ," ಎಂದರು ಮೇಷ್ಟ್ರು. ಕಾರು ಜಲಪಾತದ ಎದುರಿಗೇ ಮೆತ್ತಗೆ ನಿಂತಿತು.

"ಯಾರು ತುಳಿದದ್ದು?"

"ಕಾಲು ಜೋಮು ಹಿಡಿದಿತ್ತು ಕಣ್ರೀ. ಸ್ವಲ್ಪ ಚಾಚಿದೆ."

ಅತ್ತೆ ಆಗಲೇ ಇಳಿದು ಫೋಟೋ ತೆಗೆಯುತ್ತಿದ್ದರು. (ಆ ಫೋಟೋದಲ್ಲಿ ಮುಕ್ಕಾಲು ಭಾಗ ಅಳಿಯಂದಿರ ಮೊಣಕೈ, ಕಾಲು ಭಾಗ ಜಲಪಾತ.) ಆಮೇಲೆ ಕೆರೆ ಬಂದಾಗ ಜೋಮು ಬಂತು. ಬೆಟ್ಟದ ತಿರುವಿನಲ್ಲಿ ಸೂರ್ಯ ಮುಳುಗುವಾಗ ಬಂತು. ಒಂದು ದೊಡ್ಡ ಬಟ್ಟೆ ಅಂಗಡಿಯ ಮುಂದೆ ಎರಡು ಕಾಲಿಗೂ ಬಂತು. ಆ ಜೋಮಿಗೆ ನೋಡುವಂಥ ಜಾಗ ಯಾವುದು, ಅಲ್ಲದ್ದು ಯಾವುದು ಎಂದು ಚೆನ್ನಾಗಿ ಗೊತ್ತಿತ್ತು. ಮೇಷ್ಟ್ರು ಕೂಗಾಡಿದರು, ಹಣೆ ಚಚ್ಚಿಕೊಂಡರು. ಆದರೆ ಪ್ರತಿ ಸಲವೂ ಕಾರು ಒಂಚೂರೂ ಜಗ್ಗದೆ, ಇಂಜಿನ್ ಆಫ್ ಆಗದೆ ನಿಂತಿತ್ತು. ಬ್ರೇಕಿನ ಜೊತೆ ಕ್ಲಚ್ಚನ್ನೂ ಸರಿಯಾಗಿ ಒತ್ತಿದರೆ ಮಾತ್ರ ಹಾಗೆ ನಿಲ್ಲುವುದು. ಅದನ್ನು ಗಮನಿಸಿದ ಮೇಷ್ಟ್ರು, "ಎಂಥಾ ಕಂಡೀಷನ್‌ನಲ್ಲಿ ಇಟ್ಟಿದೀನಿ ನೋಡು ಕಾರನ್ನ!" ಎಂದು ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು.

ಮದುವೆಯ ಹಿಂದಿನ ದಿನ ಭಾಮೈದನ ಮನೆ ಮುಟ್ಟಿದರು. ಭಾಮೈದ ಉತ್ಸಾಹದ ಮನುಷ್ಯ. "ನಿಮ್ಮ ಕಾರಿಗೆ ಹೂವಿನವನು ಬಂದು ಅಲಂಕಾರ ಮಾಡ್ತಾನೆ. ಅಲ್ಲೀವರೆಗೆ ನನ್ನ ಕಾರಲ್ಲಿ ಗುಡ್ಡದ ಮೇಲೆ ಹೋಗಿಬರೋಣ ಬನ್ನಿ ಭಾವ. ಇವತ್ತು ನೀವು ಆರಾಮಾಗಿ ಕೂತ್ಕೊಳ್ಳಿ," ಎಂದು ಪಕ್ಕದ ಸೀಟಿಗೆ ತಳ್ಳಿದ.

ಆರಾಮವಂತೆ! ಆಯುಷ್ಯವೆಲ್ಲ ಪಕ್ಕದ ಸೀಟಿನಲ್ಲಿ ಕೂತು ಪರರ ತಪ್ಪಿಗೆ ಬ್ರೇಕು ಒತ್ತಿದ ಕಾಲು ಅದು. ಭಾಮೈದನೋ ತಿರುವಿನಲ್ಲಿ ಮಾತಾಡುತ್ತ, ಮಾತಾಡುವಾಗ ಮುಖ ನೋಡುತ್ತ, ಮುಖ ನೋಡುವಾಗ ಕೈ ಎತ್ತುತ್ತ ಓಡಿಸುವವನು. ಮೊದಲ ತಿರುವಿನಲ್ಲೇ ಮೇಷ್ಟ್ರ ಬಲಗಾಲು ಇಲ್ಲದ ಬ್ರೇಕನ್ನು ಹುಡುಕಿ ಕಾರಿನ ತಳವನ್ನು ಒದ್ದಿತು. ಎರಡನೆಯದರಲ್ಲಿ ಇನ್ನೂ ಜೋರಾಗಿ. ಎದುರಿಗೆ ಲಾರಿ ಬಂದಾಗ ಇಡೀ ಮೈಭಾರ ಹಾಕಿ ತುಳಿದರು. ಲಾರಿ ತನ್ನ ಪಾಡಿಗೆ ಹೋಯಿತು. ಮೇಷ್ಟ್ರ ಪಾದ ಮಾತ್ರ 'ಲಟಕ್' ಎಂದಿತು.

"ಏನಾಯ್ತು ಭಾವ?"

"ಏನಿಲ್ಲ. ಸೀನರಿ ಚೆನ್ನಾಗಿದೆ," ಎಂದರು ಮೇಷ್ಟ್ರು, ಕಣ್ಣಲ್ಲಿ ನೀರು ತುಂಬಿಕೊಂಡು.

ಬೆಳಗಾಗುವಷ್ಟರಲ್ಲಿ ಪಾದ ಊದಿ ಚಪ್ಪಲಿಗೆ ಹಿಡಿಸದಂತಾಗಿತ್ತು. ಮದುವೆಯೆಲ್ಲ ಮುಗಿಯುವವರೆಗೆ ಮೇಷ್ಟ್ರು ಕುರ್ಚಿ ಬಿಟ್ಟು ಏಳಲಿಲ್ಲ. ಊಟವನ್ನೂ ಅಲ್ಲಿಗೇ ತರಿಸಿಕೊಂಡರು. ಜನ ಅದನ್ನು ಗತ್ತು ಅಂದುಕೊಂಡರು. ಮದುಮಕ್ಕಳು ಹೊರಡುವ ಹೊತ್ತಾಯಿತು. ಹೂವಿನ ಕಾರು ಬಾಗಿಲಲ್ಲಿ ಸಿದ್ಧವಾಗಿ ನಿಂತಿತ್ತು. ಹೂವಿನವನು ಬೋರ್ಡನ್ನು ಪೂರಾ ಮುಚ್ಚಿಬಿಟ್ಟಿದ್ದ. ಮೇಷ್ಟ್ರು ಗೋಡೆ ಹಿಡಿದುಕೊಂಡು ಕುಂಟುತ್ತ ಬಂದು, ಯಾರೂ ನೋಡದಂತೆ ಹೂವಿನ ಸರಗಳನ್ನು ಅತ್ತಿತ್ತ ಸರಿಸಿ 'ನಂಬಿ ಬನ್ನಿ, ಕಲಿತು ಹೋಗಿ' ಚೆನ್ನಾಗಿ ಕಾಣುವಂತೆ ಮಾಡಿದರು. ಬಿಳಿ ಕೈಗವಸು ತೊಟ್ಟರು. ವಿಡಿಯೋದವನು ಇತ್ತ ತಿರುಗಿದ. ಮೇಷ್ಟ್ರು ಗಂಭೀರವಾಗಿ ಸೀಟಿನಲ್ಲಿ ಕೂತು ಬ್ರೇಕಿನ ಮೇಲೆ ಕಾಲಿಟ್ಟರು.

"ಅಯ್ಯಯ್ಯಪ್ಪೋ!"

ವಾದ್ಯದವರೇ ಗಾಬರಿಯಾಗಿ ನಿಲ್ಲಿಸಿಬಿಟ್ಟರು. ಭಾಮೈದ ಓಡಿ ಬಂದ. "ಭಾವ, ಇಳೀರಿ. ನಾನೇ ಓಡಿಸ್ತೀನಿ."

"ನೀನಾ?" ಮೇಷ್ಟ್ರ ಮುಖ ಬಿಳಿಚಿತು. "ಬೇಡಪ್ಪಾ! ಆ ಮಕ್ಕಳು ಇನ್ನೂ ಬಾಳಿ ಬದುಕಬೇಕು!"

"ಹಾಗಾದ್ರೆ ಇನ್ಯಾರು?"

ಮೇಷ್ಟ್ರ ಕಾರು, ಅದೂ ಮೇಷ್ಟ್ರ ಎದುರಿಗೇ ಓಡಿಸುವ ಧೈರ್ಯ ಯಾರಿಗಿದೆ? ಆಗ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದು, "ಜರುಗಿ," ಎಂದಳು.

"ಎಲ್ಲಿಗೆ?"

"ಆ ಕಡೆ ಸೀಟಿಗೆ."

"ನಿನಗೆ ಲೈಸೆನ್ಸು..."

ಅವಳು ಕೈಚೀಲದಿಂದ ಲೈಸೆನ್ಸು ತೆಗೆದು ಗಂಡನ ಬಿಳಿ ಕೈಗವಸಿನ ಮೇಲೆ ಇಟ್ಟಳು. ಮೇಷ್ಟ್ರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅಸಲಿಯೇ. ಅದರಲ್ಲಿನ ಫೋಟೋ ಕೂಡ ನಗುತ್ತಿತ್ತು.

ಮದುಮಕ್ಕಳು ಹಿಂದೆ ಕೂತರು. ಕಾರು ಹಾಲಿನ ಮೇಲೆ ಕೆನೆ ಸರಿದಂತೆ ಹೊರಟಿತು. ಗಿಜಿಗುಟ್ಟುವ ಜನ, ಕಿರಿದಾದ ಗೇಟು, ಅಡ್ಡ ನಿಲ್ಲಿಸಿದ ಸ್ಕೂಟರು, ಗೇಟಿನೆದುರು ಫೋನು ಹಿಡಿದು ನಿಂತ ಅತ್ತೆ, ಎಲ್ಲದರ ನಡುವೆ ಅವಳು ಒಂದು ಹೂವೂ ಉದುರದ ಹಾಗೆ ತಿರುಗಿಸಿದಳು. ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಗೇಟಿನ ಬಳಿ ನೋವು ಮರೆತು ತಮ್ಮ ಕಡೆಯ ಬ್ರೇಕನ್ನು ಗಟ್ಟಿಯಾಗಿ ಒತ್ತಿಯೇಬಿಟ್ಟರು. ಕಾರು ಧಡಕ್ಕೆಂದು ನಿಂತಿತು. ಮದುಮಗನ ಪೇಟ ಹಾರಿ ಮೇಷ್ಟ್ರ ಮಡಿಲಿಗೆ ಬಿತ್ತು. ಮೇಷ್ಟ್ರು ಮತ್ತೊಮ್ಮೆ "ಅಯ್ಯಯ್ಯಪ್ಪೋ!" ಎಂದರು.

"ಕಾಲು ಮಡಚಿ ಕೂತ್ಕೊಳ್ಳಿ," ಎಂದಳು ಹೆಂಡತಿ, ರಸ್ತೆಯ ಮೇಲಿನ ಕಣ್ಣು ತೆಗೆಯದೆ. "ಏನೂ ಮುಟ್ಬೇಡಿ."

ಹಿಂದಿನ ಸೀಟಿನಲ್ಲಿ ಮದುಮಗಳು ಬಿದ್ದು ಬಿದ್ದು ನಕ್ಕಳು.

ಮದುಮಕ್ಕಳನ್ನು ಸುಖವಾಗಿ ಮುಟ್ಟಿಸಿ ಬಂದಾಗ ಭಾಮೈದ ಓಡಿ ಬಂದು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡ. "ಭೇಷ್ ಭಾವ! ಅಕ್ಕನಿಗೆ ಎಂಥಾ ತರಬೇತಿ! ನಮಗೆಲ್ಲ ಒಂದು ಮಾತೂ ಹೇಳದೆ!"

ಸುತ್ತ ಜನ. ವಿಡಿಯೋ ಬೇರೆ ಓಡುತ್ತಿತ್ತು. ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಅವಳು ಆಕಾಶ ನೋಡುತ್ತಿದ್ದಳು. ಮೇಷ್ಟ್ರು ಎದೆ ಉಬ್ಬಿಸಿ, "ಬೋರ್ಡಿನಲ್ಲೇ ಇದೆಯಲ್ಲ! ನಮ್ಮ ಸ್ಕೂಲು ಅಂದ್ರೆ ಸುಮ್ಮನೇನಾ?" ಎಂದುಬಿಟ್ಟರು.

ವಾಪಸು ಬರುವಾಗ ದಾರಿಯುದ್ದಕ್ಕೂ ಅವಳದೇ ಡ್ರೈವಿಂಗು. ಅವಳಿಗೆ ಬೇಕಾದ ಕಡೆ ನಿಂತಿತು, ಬೇಕಾದಷ್ಟು ಹೊತ್ತು ನಿಂತಿತು. ಜೋಮು ಎಂಬ ನೆಪದ ಅಗತ್ಯವೂ ಇರಲಿಲ್ಲ. ಜಲಪಾತದ ಹತ್ತಿರ ಮೇಷ್ಟ್ರು ಮೆಲ್ಲಗೆ ಕೇಳಿದರು, "ಯಾರು ಕಲಿಸಿದ್ದು?"

"ಎದುರುಗಡೆ ಸ್ಕೂಲಿನವನು."

ಅವನು! ಇವರ ಹತ್ತಿರವೇ ಕ್ಲಚ್ಚು ಹಿಡಿಯುವುದನ್ನು ಕಲಿತು, ಇವರ ಬಾಗಿಲಿನ ಎದುರಿಗೇ ಅಂಗಡಿ ತೆರೆದ ಮಾಜಿ ಶಿಷ್ಯ! ಮೇಷ್ಟ್ರಿಗೆ ಕಾಲಿನ ಊತ ತಲೆಗೇರಿದಂತಾಯಿತು. "ನನ್ನನ್ನೇ ಕೇಳಬಹುದಿತ್ತಲ್ಲ?"

"ಅವನು ಕೂಗಲ್ಲ," ಎಂದಳು.

ಆ ಮಾತು ಮೇಷ್ಟ್ರಿಗೆ ನಿಜವಾಗಿಯೂ ನಾಟಿತು. ಸುಮಾರು ದೂರ ಹೋದ ಮೇಲೆ, "ಹೋಗಲಿ ಬಿಡು. ಅವನ ಹತ್ತಿರ ಕಲಿತದ್ದು ನಮ್ಮಿಬ್ಬರಲ್ಲೇ ಇರಲಿ," ಎಂದರು.

"ನಾನು ಯಾರಿಗೂ ಹೇಳಲ್ಲ," ಎಂದಳು ಅವಳು. ಹೇಳಲೂ ಇಲ್ಲ, ಪಾಪ.

ಊರಿಗೆ ಬಂದ ಮೂರ್ನಾಲ್ಕು ದಿನಕ್ಕೆ ಮೇಷ್ಟ್ರು ಕೋಲೂರಿಕೊಂಡು ತಮ್ಮ ಸ್ಕೂಲಿಗೆ ಹೋದರು. ಎದುರುಗಡೆ ಜನವೋ ಜನ. ಗೋಡೆ ತುಂಬುವಷ್ಟು ದೊಡ್ಡ ಹೊಸ ಬೋರ್ಡು. ಅದರಲ್ಲಿ ಹೂವಿನ ಕಾರು, ನೆತ್ತಿಯ ಮೇಲೆ ಥಳಥಳನೆ 'ನಂಬಿ ಬನ್ನಿ, ಕಲಿತು ಹೋಗಿ'. ಸ್ಟೇರಿಂಗಿನಲ್ಲಿ ನಗುತ್ತಿರುವ ಹೆಂಡತಿ. ಪಕ್ಕದಲ್ಲಿ ಬಿಳಿ ಕೈಗವಸು ತೊಟ್ಟು, ಮಡಿಲಲ್ಲಿ ಪೇಟ ಇಟ್ಟುಕೊಂಡು, ಬಾಯಿ ಅಷ್ಟಗಲ ತೆರೆದ ಮೇಷ್ಟ್ರು. ಕೆಳಗೆ ದಪ್ಪ ಅಕ್ಷರದಲ್ಲಿ ಹೀಗಿತ್ತು: 'ನಮ್ಮಲ್ಲಿ ಕಲಿತವರು, ಕಲಿಸುವವರನ್ನೂ ಕೂರಿಸಿಕೊಂಡು ಹೋಗುತ್ತಾರೆ.'

ಮೇಷ್ಟ್ರು ಕುಂಟುವುದನ್ನೂ ಮರೆತು ಮನೆಗೆ ಧಾವಿಸಿದರು. "ಆ ಫೋಟೋ ಅವನಿಗೆ ಕೊಟ್ಟವರು ಯಾರು?"

ಹೆಂಡತಿ ತನಗೆ ಗೊತ್ತೇ ಇಲ್ಲ ಎಂದು ತಲೆ ಅಲ್ಲಾಡಿಸಿದಳು. ಪ್ರವಾಸದುದ್ದಕ್ಕೂ ತುಟಿ ಬಿಚ್ಚದಿದ್ದ ಅತ್ತೆ ಮೊದಲ ಸಲ ಬಾಯಿ ತೆರೆದರು.

"ನಾನೇ ಅಳಿಯಂದಿರೇ. ಕಾರು ಧಡಕ್ಕಂತ ನಿಂತ್ಕೊಂಡಿತಲ್ಲ, ಅದಕ್ಕೇ ಅದೊಂದೇ ಫೋಟೋ ಅಲುಗಾಡದೆ ಬಂದಿತ್ತು. ಚೆನ್ನಾಗಿದೆ ಅಂತ ತೋರಿಸಿದೆ, ಬೇಕು ಅಂದ, ಕೊಟ್ಟೆ." ಆಮೇಲೆ ಫೋನನ್ನು ಪಕ್ಕಕ್ಕಿಟ್ಟು, ಚಪ್ಪಲಿ ಮೆಟ್ಟುತ್ತ, "ಬರ್ತೀನಿ, ಹೊತ್ತಾಯ್ತು. ಇವತ್ತು ರಿವರ್ಸ್ ಹೇಳಿಕೊಡ್ತೀನಿ ಅಂದಿದಾನೆ," ಎಂದರು.