ಮುಡಿಪಿನ ನಾಣ್ಯ ಹಾರಿಸಿದ ಮಾಷ್ಟ್ರು

ಕ್ಲಾಸಿನಲ್ಲಿ ನಾನು ಹೇಳುವುದು ಒಂದು, ಮನೆಯಲ್ಲಿ ಆಗುವುದು ಇನ್ನೊಂದು. ಮೂಡುಬಿದಿರೆಯಲ್ಲಿ ಜೀವಶಾಸ್ತ್ರ ಕಲಿಸಲಿಕ್ಕೆ ಸೇರಿದಂದಿನಿಂದ ಇದೇ ಕತೆ.

೧. ಅರವತ್ತು ಸಲ

ಅಕ್ಕನಿಗೆ ಮೂರೂ ಗಂಡು. ನಮ್ಮಲ್ಲಿ ಕುಟುಂಬ ಮುಂದುವರಿಯುವುದು ಹೆಣ್ಣಿನಿಂದ. ಅಮ್ಮನಿಗೆ ಇರುವುದು ಅವಳೊಬ್ಬಳೇ ಮಗಳು. ಅಕ್ಕ ನಾಲ್ಕನೆಯ ಸಲ ಬಸುರಿ ಅಂದಾಗ ಅಮ್ಮನಿಗೆ ಒಂದೇ ಚಡಪಡಿಕೆ.

"ಮೂರು ಗಂಡಾಯ್ತಲ್ಲ, ಇನ್ನು ಹೆಣ್ಣೇ."

"ಹಾಗಲ್ಲಮ್ಮ, ಪ್ರತಿ ಸಲವೂ ಅರ್ಧಕ್ಕರ್ಧ. ಹಿಂದಿನದ್ದು ಲೆಕ್ಕಕ್ಕಿಲ್ಲ."

"ನಿನ್ನ ಬಾಯಲ್ಲಿ ಒಳ್ಳೆಯದು ಬರುವುದೇ ಇಲ್ಲವಾ?"

ಮರುದಿನ ಕ್ಲಾಸಿನ ಮಕ್ಕಳಿಗೂ ಇದನ್ನೇ ತೋರಿಸುವ ಅಂತ ದೇವರ ದೀಪದ ಬಳಿ ಇದ್ದ ನಾಣ್ಯ ಕಿಸೆಗೆ ಹಾಕಿಕೊಂಡೆ. ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಸಿಂಹ ಬಿದ್ದರೆ ಎಕ್ಸ್ ಅಂತ ಅರವತ್ತು ಸಲ ಹಾರಿಸಿದೆ. ಹೆಣ್ಣು ಇಪ್ಪತ್ತೆಂಟು, ಗಂಡು ಮೂವತ್ತೆರಡು.

"ಸರ್, ಹಿಂದೆ ಏನು ಬಿದ್ದದ್ದಂತ ನಾಣ್ಯಕ್ಕೆ ಗೊತ್ತಿರುವುದಿಲ್ಲವಾ?" ಒಬ್ಬಳು ಕೇಳಿದಳು.

"ಇಲ್ಲ."

"ನಮ್ಮ ಅಜ್ಜಿಗೊಮ್ಮೆ ಬಂದು ಹೇಳಿ ಸರ್!"

೨. ಅಮ್ಮನ ತನಿಖೆ

ಸಂಜೆ ವಾಮದಪದವಿನ ಬಸ್ಸಿಳಿದು ಬಂದರೆ ಮನೆಯೆಲ್ಲ ತಲೆಕೆಳಗು. "ಇಲ್ಲಿದ್ದ ನಾಣ್ಯ ಎಲ್ಲಿ? ಹೆಣ್ಣು ಮಗುವಾಗಲಿ ಅಂತ ಹರಕೆ ಹೇಳಿ ತೆಗೆದಿಟ್ಟ ಮುಡಿಪು ಮಾರಾಯ ಅದು!"

ಕಿಸೆಯಿಂದ ನಾಣ್ಯ ತೆಗೆದುಕೊಟ್ಟೆ. ನಡೆದದ್ದು ಹೇಳಿದೆ. ಅಮ್ಮ ಅತ್ತರು. ಆಮೇಲೆ ಮೂಗು ಒರೆಸಿಕೊಂಡು, "ಹೆಣ್ಣೆಷ್ಟು ಬಿತ್ತು?"

"ಮೂವತ್ತೆರಡು" ಅಂದುಬಿಟ್ಟೆ.

"ಗಂಡು?"

"ಇಪ್ಪತ್ತೆಂಟು."

"ಸಾಕು" ಅಂತ ಚಹಾಕ್ಕೆ ನೀರಿಟ್ಟರು.

೩. ಬಾಗಿಲು ಹಾಕಿ

ಆಮೇಲೆ ಐದು ತಿಂಗಳು ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ದೇವರ ನಾಣ್ಯದ ಮೇಲೆ ಸುಳ್ಳು ಹೇಳಿದ್ದೇನಲ್ಲ! ಬೆಳ್ತಂಗಡಿಯ ಆಸ್ಪತ್ರೆಯಲ್ಲಿ ನರ್ಸ್ ಬಂದು "ಹೆಣ್ಣು" ಅಂದಾಗ ಅಮ್ಮನಿಗಿಂತ ಮೊದಲು ಅತ್ತದ್ದು ನಾನು.

"ಅರ್ಧಕ್ಕರ್ಧ ಇತ್ತಮ್ಮ" ಅಂದೆ.

"ಎಂಥ ಅರ್ಧ? ಮೂವತ್ತೆರಡು!"

ಅಮ್ಮ ಊರಿಗೆಲ್ಲ ಹೇಳಿದರು. ಬಂಟ್ವಾಳದಿಂದ ಸಹ ಜನ ನಾಣ್ಯ ಹಿಡಿದುಕೊಂಡು ಬರಲಿಕ್ಕೆ ಶುರು. ಸುದ್ದಿ ಕಾಲೇಜಿಗೂ ಮುಟ್ಟಿತು. ಜೀವಮಾನವಿಡೀ ಸಂಭವನೀಯತೆ ಪಾಠ ಮಾಡಿದ ಪ್ರಾಂಶುಪಾಲರು ನನ್ನನ್ನು ಕರೆಸಿದರು.

"ಏನಿದು ಮಾರಾಯ್ರೆ? ವಿಜ್ಞಾನ ಕಲಿಸುವವರು ಹೀಗೆ ಮಾಡುವುದಾ?" ಅಂತ ಚೆನ್ನಾಗಿ ಬೈದರು.

ಅವರು ಎದ್ದು ಹೋಗಿ ಬಾಗಿಲು ಹಾಕಿದರು. ಮೇಜಿನ ಡ್ರಾಯರ್ ಎಳೆದು ಒಂದು ನಾಣ್ಯ ತೆಗೆದು ನನ್ನ ಕೈಯಲ್ಲಿಟ್ಟರು.

"ನನ್ನ ಮಗಳು ಏಳು ತಿಂಗಳ ಬಸುರಿ. ಅರವತ್ತು ಸಲ ಹಾರಿಸಲೇಬೇಕಾ, ಹತ್ತು ಸಾಕಾ?"