ಅಮ್ಮನ ಪಚ್ಚೆಗೆ ನಾನು ಸಾಕ್ಷಿ

ಕ್ರಮಬದ್ಧ ಮನುಷ್ಯನೆಂಬ ಹೆಸರು ಮನೆಯಲ್ಲಿ ಒಮ್ಮೆ ಬಂದರೆ ಮುಗಿಯಿತು. ಗ್ಯಾಸ್ ಸಿಲಿಂಡರು ಖಾಲಿಯಾಗುವ ತಾರೀಖಿನಿಂದ ಹಿಡಿದು ನೆಂಟರ ಜಗಳದವರೆಗೆ ಎಲ್ಲವೂ ನಮ್ಮ ತಲೆಗೇ. ತಾರೀಖು ಹಾಕಿ ದಿನಚರಿ ಬರೆಯುವ ಚಟ ನನಗಿದೆ. ಅಷ್ಟಕ್ಕೇ ಅಮ್ಮನ ಉಂಗುರದ ಹಸಿರು ಕಲ್ಲಿನ ವಿಚಾರಣೆಯೂ ನನ್ನ ಪಾಲಿಗೆ ಬಂತು. ನೆನೆದರೆ ಈಗಲೂ ಸುಸ್ತಾಗುತ್ತದೆ.

ಅದು ಅಮ್ಮನಿಗೆ ಅವಳ ತಾಯಿ ಕೊಟ್ಟ ಉಂಗುರ. ಕಾರ್ಕಳದ ಅತ್ತೆ, ಎಂದರೆ ಅಪ್ಪನ ಅಕ್ಕ, ಒಂದು ಉಪನಯನದ ಊಟದಲ್ಲಿ ಅದನ್ನು ನೋಡಿ, "ಗಾಜಾದರೂ ಚಂದ ಉಂಟು" ಅಂದುಬಿಟ್ಟರು. ಅಮ್ಮ ಅಂದು ಪಾಯಸ ಮುಟ್ಟಲಿಲ್ಲ. ಮನೆಮನೆಗೆ ಫೋನು ಬಂದ ಹೊಸತು. ಸಂಜೆಯೊಳಗೆ ಆ ಮಾತು ನೆಂಟರಿಗೆಲ್ಲ ತಲುಪಿತ್ತು. "ತಾಯಿ ನನಗೆ ಗಾಜು ಕೊಟ್ಟು ಕಳಿಸಿದಳು ಅಂತ ಆಗ್ಬಾರದು ಮಗಾ. ಮುಂದಿನ ತಿಂಗಳು ಕಾಪುವಿನಲ್ಲಿ ನೆಂಟರ ಮದುವೆಗೆ ನಿನ್ನ ಅತ್ತೆಯೂ ಬರ್ತಾರೆ, ಅದರೊಳಗೆ ಗೊತ್ತಾಗ್ಬೇಕು" ಎಂದು ಅಮ್ಮ ಹಟ ಹಿಡಿದಳು.

ಉಪಾಯಗಳಿಗೆ ಅಂಬಲಪಾಡಿಯ ನಮ್ಮ ಬೀದಿಯಲ್ಲಿ ಬರವಿಲ್ಲ. ಪಚ್ಚೆಯನ್ನು ಹಾಲಿಗೆ ಹಾಕಿದರೆ ಹಾಲು ಹಸಿರಾಗಬೇಕಂತೆ. ಹಾಕಿದೆವು. ಅಮ್ಮನಿಗೆ ಹಸಿರು ಕಂಡಿತು, ನನಗೆ ಕೆನೆ ಕಂಡಿತು. ಕೊನೆಗೆ ಮಣಿಪಾಲದಲ್ಲಿ ಭೂವಿಜ್ಞಾನ ಕಲಿಸುವ ನನ್ನ ಗೆಳೆಯನಿಗೆ ತೋರಿಸುವುದೆಂದಾಯಿತು. ಕೊಳೆ ಉಂಗುರ ಹಿಡಿದು ಹೋಗುವುದು ಹೇಗೆ? ಮದುವೆಗೆ ಮೊದಲು ಚಿನ್ನವನ್ನು ಅಂಟುವಾಳದ ಕಾಯಿಯ ನೊರೆನೀರಿನಲ್ಲಿ ಕುದಿಸಿ ತೊಳೆಯುವುದು ನಮ್ಮಲ್ಲಿ ರೂಢಿ. ಅಮ್ಮ ಒಂದು ಕುದಿಗೇ ಇಳಿಸಲು ಹೊರಟಳು. ನೊರೆ ಇನ್ನೂ ಕಪ್ಪಗಿದೆ, ಇನ್ನೊಂದು ಕುದಿ ಬರಲಿ ಎಂದವನು ನಾನೇ. ಕ್ರಮ ಎಂದರೆ ಕ್ರಮ. ಚಿನ್ನವೇನೋ ಫಳಫಳ ಹೊಳೆಯಿತು. ಕಲ್ಲು ಮಾತ್ರ ಜ್ವರದಿಂದ ಎದ್ದವರ ಮುಖದ ಹಾಗೆ ಬಿಳಿಚಿಕೊಂಡು, ಒಳಗೆಲ್ಲ ಗೀರು ಗೀರು.

ಗೆಳೆಯ ಭೂತಗನ್ನಡಿ ಹಿಡಿದು ನೋಡಿ, "ಎಂತ ಮಾಡಿದೆ ಮಾರಾಯ ಇದಕ್ಕೆ?" ಎಂದ. ಹೇಳಿದೆ. ತಲೆ ಹಿಡಿದುಕೊಂಡ. ಗಾಜಿನೊಳಗಾದರೆ ಗಾಳಿಗುಳ್ಳೆ ಕಾಣುತ್ತದಂತೆ. ಇದರೊಳಗೆ ಇದ್ದದ್ದು ಬೇರಿನಂಥ ಸಣ್ಣ ಬಿರುಕುಗಳು. ಪಚ್ಚೆಯ ಬಿರುಕು ಕಾಣದಿರಲೆಂದು ಎಣ್ಣೆ ತುಂಬಿಸುವುದು ವ್ಯಾಪಾರದ ಹಳೇ ವಾಡಿಕೆ. ಆ ಎಣ್ಣೆಯನ್ನೇ ನಾವು ಕುದಿಸಿ ತೆಗೆದಿದ್ದೆವು. "ಅಸಲಿ ಪಚ್ಚೆಯೇ. ಗಾಜಾಗಿದ್ದರೆ ಹೀಗೆ ಬಿಳಿಚುತ್ತಿರಲಿಲ್ಲ" ಎಂದು ಸಮಾಧಾನ ಬೇರೆ ಹೇಳಿದ.

ಮದುವೆಯಲ್ಲಿ ಅಮ್ಮ ಉಂಗುರ ತೊಟ್ಟು ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡಳು. ಅನ್ನಕ್ಕೆ ಸಾರು ಬೀಳುವ ಮೊದಲೇ ಶುರುಮಾಡಿ ನಾನು ಎದುರು ಪಂಕ್ತಿಯ ಅತ್ತೆಗೆ ಗುಳ್ಳೆ, ಬಿರುಕು, ಎಣ್ಣೆ, ಕುದಿ ಎಲ್ಲವನ್ನೂ ಅನುಕ್ರಮವಾಗಿ ವಿವರಿಸಿದೆ. ಮಜ್ಜಿಗೆ ಬರುವವರೆಗೆ ಅತ್ತೆ ಪೂರ್ತಿ ಕೇಳಿದರು.

"ಆಯ್ತು ಮಾರಾಯ್ತಿ, ಪಚ್ಚೆಯೇ" ಎಂದು ಅಮ್ಮನಿಗೆ ಹೇಳಿದರು. "ನಿನ್ನ ತಾಯಿ ಒಳ್ಳೆಯದನ್ನೇ ಕೊಟ್ಟದ್ದು. ಅದನ್ನು ಬೇಯಿಸುವ ಬುದ್ಧಿ ಈ ಹುಡುಗನಿಗೆ ಯಾರ ಕಡೆಯಿಂದ ಬಂತು?"

"ನಮ್ಮ ಕಡೆಯಲ್ಲಿ ಹೀಗೆ ಯಾರೂ ಇಲ್ಲ" ಎಂದಳು ಅಮ್ಮ.

"ನಮ್ಮ ಕಡೆಯಲ್ಲೂ ಇಲ್ಲ" ಎಂದರು ಅತ್ತೆ.

ಇಬ್ಬರಿಗೂ ಸಮಾಧಾನವಾಯಿತು. ಯಾರ ಕಡೆಯವನೂ ಅಲ್ಲದ ನಾನು ಮಜ್ಜಿಗೆಗೆ ಕೈ ಒಡ್ಡಿದೆ.