ನಜೀಬುಲ್ಲಾನ ಗಿರಾಕಿಗಳು

ಇಷ್ಟೆಲ್ಲಾ ರಾಮಾಯಣಕ್ಕೆ ಕಾರಣ ಒಂದು ಫೋನು. ಬೂದಿಗೆರೆ ಬಸ್‌ಸ್ಟಾಪಿನ ಪಕ್ಕದ ಹೊಂಗೆ ಮರದಡಿ ನಜೀಬುಲ್ಲಾ ತನ್ನ ಪಂಚರ್ ಅಂಗಡಿಯ ತಗಡಿನ ಬಾಗಿಲೆತ್ತಿ, ಊರುಗೋಲನ್ನು ಮೂಲೆಗೆ ಒರಗಿಸಿ, ಗಿಡ್ಡ ಸ್ಟೂಲಿನ ಮೇಲೆ ಕೂತು ಟಬ್ಬಿಗೆ ನೀರು ತುಂಬುತ್ತಿದ್ದಾಗ ಟ್ರಸ್ಟಿನ ರಮ್ಯಶ್ರೀ ಮೇಡಂ ಫೋನ್ ಮಾಡಿದರು.

"ನಜೀಬ್ ಅವರೇ, ಇವತ್ತು ಮಧ್ಯಾಹ್ನ ನಮ್ಮ ವೇಣುಗೋಪಾಲ್ ಸರ್ ಬೆಂಗಳೂರಿಂದ ಬರ್ತಿದ್ದಾರೆ. ನಿಮ್ಮ ಅಂಗಡಿ ಮುಂದುವರಿಸೋದಾ ಬೇಡ್ವಾ ಅಂತ ಅವರೇ ತೀರ್ಮಾನ ಮಾಡೋದು. ಅವರು ಬಂದಾಗ ಒಂದ್ನಾಲ್ಕು ಗಿರಾಕಿ ಇದ್ರೆ ಚೆನ್ನಾಗಿರತ್ತೆ ನೋಡಿ."

"ಆಯ್ತು ಮೇಡಂ" ಎಂದು ನಜೀಬುಲ್ಲಾ ಫೋನಿಟ್ಟ. ಅಂಗಡಿಯ ಮುಂದೆ ಒಂದು ನಾಯಿ ಮಲಗಿತ್ತು. ಅದರ ಹತ್ತಿರ ಗಾಡಿ ಇರಲಿಲ್ಲ.

ಈ ಟ್ರಸ್ಟು ಅಂಗವಿಕಲರಿಗೆ ತರಬೇತಿ ಕೊಟ್ಟು, ಯಾವ ವ್ಯಾಪಾರ ಮಾಡಬಹುದೆಂದು ಅವರ ಜೊತೆ ಕೂತು ಯೋಚಿಸಿ, ಸಾಮಾನು ಸರಂಜಾಮು ಒದಗಿಸುವಂಥದ್ದು. ನಜೀಬುಲ್ಲಾ ಮೊದಲು ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸುತ್ತಿದ್ದ. ಹೆದ್ದಾರಿಯಲ್ಲಿ ಲಾರಿಯೊಂದು ಗುದ್ದಿ ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು. ಕಾಲಿಲ್ಲದ್ದು ಅವನಿಗೆ ಹೇಗೋ ಅಭ್ಯಾಸವಾಯಿತು, ಮಾತಿಲ್ಲದ್ದು ಆಗಲಿಲ್ಲ. ಟ್ಯಾಕ್ಸಿಯಲ್ಲಿ ದಿನವಿಡೀ ಪ್ರಯಾಣಿಕರ ಹತ್ತಿರ ಮನೆ, ಮಕ್ಕಳು, ಸಂಬಂಧ, ಶುಗರ್ರು, ಬೀಪಿ ಎಂದು ಹರಟಿದವನು ಒಂಟಿ ಕೋಣೆಗೆ ಬಿದ್ದ. ಮದುವೆಯೂ ಆಗಿರಲಿಲ್ಲ. ಟಿವಿಯಲ್ಲಿ ವಾರ್ತೆ ಓದುವವಳು ನಮಸ್ಕಾರ ಎಂದರೆ ತಾನೂ ನಮಸ್ಕಾರ ಎನ್ನುವ ಮಟ್ಟಕ್ಕೆ ಬಂದಿದ್ದ. ಒಂದು ದಿನ "ನೀವು ಊಟ ಮಾಡಿದ್ರಾ?" ಎಂದೂ ಕೇಳಿಬಿಟ್ಟ. ಅವಳು ಹವಾಮಾನ ವರದಿಗೆ ಹೋದಳು.

ತರಬೇತಿಯಲ್ಲಿ ರಮ್ಯಶ್ರೀ, "ಟೀ ಅಂಗಡಿ ಹಾಕ್ತೀರಾ?" ಎಂದಿದ್ದರು.

"ಬೇಡ ಮೇಡಂ. ಟೀ ಕುಡ್ಯೋನು ಗ್ಲಾಸ್ ಇಟ್ಟು ಹೊರಟೋಗ್ತಾನೆ. ಪಂಚರ್ ಆದೋನು ಎಲ್ಲಿಗೆ ಹೋಗ್ತಾನೆ ಹೇಳಿ? ಕೂತಿರ್ಲೇಬೇಕು. ಕೂತ್ಮೇಲೆ ಮಾತಾಡ್ಲೇಬೇಕು."

ರಮ್ಯಶ್ರೀ, ಇವರು ಗ್ರಾಹಕರ ಸಂಬಂಧಕ್ಕೆ ಒತ್ತು ಕೊಡುವವರು ಎಂದು ಮೇಲಿನವರಿಗೆ ವರದಿ ಮಾಡಿದರು. ತಗಡಿನ ಅಂಗಡಿ, ಗಾಳಿ ತುಂಬುವ ಕಂಪ್ರೆಸರ್ರು ಟ್ರಸ್ಟಿನಿಂದ ಬಂದವು.

ಆದರೆ ಈಗ ಹೆಚ್ಚಿನವರದು ಟ್ಯೂಬ್‌ಲೆಸ್ ಟೈರು, ಅಷ್ಟು ಸುಲಭಕ್ಕೆ ಪಂಚರ್ ಆಗುವುದಿಲ್ಲ. ಬರುವವರು ಯಾವಾಗಲೋ ಒಬ್ಬರು. ಬಂದವರ ಸುಖದುಃಖವನ್ನೆಲ್ಲ ಕೇಳಿ, ತನ್ನದನ್ನೂ ಹೇಳಿ ಮುಗಿಸುವಷ್ಟು ನಿಧಾನವಾಗಿ ನಜೀಬುಲ್ಲಾ ಪ್ಯಾಚ್ ಹಾಕುತ್ತಿದ್ದ. ಖಾಯಂ ಗಿರಾಕಿ ಎಂದರೆ ಗೋಪಾಲಪ್ಪ ಒಬ್ಬರೇ. ಹೆಂಡತಿ ತೀರಿಕೊಂಡ ಮೇಲೆ ಆ ಮುದುಕರು ದಿನಾ ಬೆಳಿಗ್ಗೆ ಸೈಕಲ್ಲಿಗೆ ಗಾಳಿ ಹೊಡೆಸಲು ಬರುತ್ತಿದ್ದರು. ಸೈಕಲ್ಲಿನಲ್ಲಿ ಗಾಳಿ ಇದ್ದೇ ಇರುತ್ತಿತ್ತು. ಅದು ಇಬ್ಬರಿಗೂ ಗೊತ್ತಿತ್ತು. ಅಂಗಡಿ ಹೋದರೆ ಈ ಒಬ್ಬರೂ ಹೋದಂತೆ. ಮತ್ತೆ ಆ ಕೋಣೆ, ಆ ಟಿವಿ.

ಅಷ್ಟರಲ್ಲಿ ಎದುರು ಮನೆಯ ಪಿಳ್ಳಪ್ಪ ಹಲ್ಲುಕಡ್ಡಿ ಆಡಿಸುತ್ತಾ ಬಂದರು. ಹಾಲಿನ ಡೈರಿಯಲ್ಲಿ ಸೆಕ್ರೆಟರಿಯಾಗಿ ನಿವೃತ್ತರಾದವರು. ಅಂದಿನಿಂದ ಊರವರ ಕೆಲಸವೆಲ್ಲ ತಮ್ಮದೇ ಎಂದುಕೊಂಡಿದ್ದರು. ನಜೀಬುಲ್ಲಾ ಬಾಯಿ ತಪ್ಪಿ ವಿಷಯ ಹೇಳಿಬಿಟ್ಟ.

"ಗಿರಾಕಿ ತಾನೇ? ಅಷ್ಟಕ್ಕೆ ಮುಖ ಯಾಕ್ ಹಂಗ್ ಮಾಡ್ಕೊಂಡಿದೀರಾ ಸಾಬ್ರೇ? ನಂಗ್ ಬಿಡಿ. ಜಾತ್ರೆ ಮಾಡಿಸ್ಬಿಡ್ತೀನಿ."

"ಬ್ಯಾಡ ಪಿಳ್ಳಪ್ಪಣ್ಣ, ಇದ್ದಂಗೆ ಇರ್ಲಿ..."

"ಇದ್ದಂಗೆ ಇದ್ರೆ ಸಾಹೇಬ್ರು ಅಂಗಡಿ ಎತ್ಕೊಂಡು ಹೋಗ್ತಾರೆ. ಸುಮ್ಕಿರಿ ನೀವು!"

ಮೊದಲು ಬಂದದ್ದು ಗೋಪಾಲಪ್ಪ. ಪಿಳ್ಳಪ್ಪ ರಸ್ತೆಯಲ್ಲೇ ತಡೆದರು. "ಗೋಪಾಲಪ್ಪನೋರೇ, ಇವತ್ತು ಬರೀ ದೊಡ್ಡ ಗಿರಾಕಿಗಳು. ಬಿಟ್ಟಿ ಗಾಳಿ ಹೊಡೆಸ್ಕೊಳೋರ್ನ ಸಾಹೇಬ್ರು ನೋಡ್ಬಾರ್ದು. ಮನೇಗ್ ಹೋಗಿ." ನಜೀಬುಲ್ಲಾ "ಬನ್ನಿ, ಬನ್ನಿ" ಎಂದು ಕೂಗಿದ್ದು ಕಂಪ್ರೆಸರಿನ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಮುದುಕರು ಸೈಕಲ್ ತಳ್ಳಿಕೊಂಡು ವಾಪಸು ಹೋದರು.

ಆಮೇಲೆ ಪಿಳ್ಳಪ್ಪನವರ ಕರೆ ಕೇಳಿ ಹಿಂದಿನ ಬೀದಿಯ ಅಮ್ಮಯಮ್ಮ ಏದುಸಿರು ಬಿಡುತ್ತಾ ಬೈಕೊಂದನ್ನು ತಳ್ಳಿಕೊಂಡು ಬಂದಳು.

"ನಮ್ ಹುಡ್ಗ ಆನಂದಂದು ನಜೀಬಣ್ಣ. ವಾಲ್ವ್ ಕಿತ್ತಾಕಿದೀನಿ. ಅವ್ನಿನ್ನೂ ಎದ್ದಿಲ್ಲ."

"ಯಾ ಅಲ್ಲಾ! ಅವ್ನು ಡ್ಯೂಟಿಗೆ ಹೋಗ್ಬೇಕಲ್ಲ ಅಮ್ಮಯಮ್ಮ!"

"ಒಂದಿನ ತಡ್ವಾಗ್ ಹೋಗ್ಲಿ ಬಿಡು. ನಿನ್ ಅಂಗ್ಡಿಗಿಂತ ಹೆಚ್ಚಾ?"

ಅವಳ ಹಿಂದೆ ಮೊಪೆಡ್ಡು, ಸ್ಕೂಟರ್ರು, ತರಕಾರಿ ತಳ್ಳುಗಾಡಿ, ಕೊನೆಗೆ ಯಾರದೋ ಮಗುವಿನ ಮೂರು ಚಕ್ರದ ಸೈಕಲ್ಲೂ ಬಂದು ಸಾಲಾಗಿ ನಿಂತವು. ಪಿಳ್ಳಪ್ಪ ಸಾಲಿನುದ್ದಕ್ಕೂ ಓಡಾಡಿ ಪರೀಕ್ಷೆ ಮಾಡಿದರು. ಅವರಿಗೆ ಸಮಾಧಾನವಾಗಲಿಲ್ಲ.

"ಬರೀ ಗಾಳಿ ಇಳಿಸಿದ್ರೆ ನಡ್ಯಲ್ಲ. ಬರೋರು ಓದಿರೋ ಜನ, ಕಂಡುಹಿಡಿದ್ಬಿಡ್ತಾರೆ. ಪಂಚರ್ ಅಂದ್ರೆ ಪಂಚರ್ ಆಗಿರ್ಬೇಕು!" ಎಂದವರೇ ಮನೆಯಿಂದ ಸುತ್ತಿಗೆ, ಒಂದು ಡಬ್ಬಿ ಮೊಳೆ ತಂದರು. ಮೊದಲ ಮೊಳೆಯನ್ನು ತಮ್ಮ ಸ್ಕೂಟರಿಗೇ ಹೊಡೆದು ತ್ಯಾಗ ಮೆರೆದರು. ಎರಡನೆಯದನ್ನು ಆನಂದನ ಬೈಕಿಗೆ ಹೊಡೆಯುವಾಗ ಆನಂದನೇ ಬಾಯಲ್ಲಿ ಬ್ರಷ್ ಇಟ್ಟುಕೊಂಡು ಬಂದ.

"ಏಯ್! ಏನ್ ಗುರು ಮಾಡ್ತಿದೀಯ ನನ್ ಗಾಡಿಗೆ?"

ಪಿಳ್ಳಪ್ಪ ಬೆಚ್ಚಿಬಿದ್ದರು. ಡಬ್ಬಿ ಕೈಜಾರಿ ಮೊಳೆಗಳೆಲ್ಲ ದೇವನಹಳ್ಳಿ ರಸ್ತೆಯ ಮೇಲೆ ಚೆಲ್ಲಾಪಿಲ್ಲಿಯಾದವು. ಆರಿಸೋಣವೆಂದು ಅಮ್ಮಯಮ್ಮ ಬಗ್ಗುವಷ್ಟರಲ್ಲಿ ಹಾಲಿನ ಆಟೋ ಬಂದು ಫಸ್ ಎಂದು ಕೂತಿತು. ಅದರ ಹಿಂದೆ ಮೊಟ್ಟೆಯ ವ್ಯಾನು. ಅದರ ಹಿಂದೆ ಹೊಸಕೋಟೆಗೆ ಹೆಣ್ಣು ನೋಡಲು ಹೊರಟಿದ್ದ ಒಂದು ಕಾರು. ಈಗ ಗಿರಾಕಿಗಳ ಬಗ್ಗೆ ಯಾರೂ ಅನುಮಾನ ಪಡುವಂತಿರಲಿಲ್ಲ.

ನಜೀಬುಲ್ಲಾ ಬಗ್ಗಿಸಿದ ತಲೆ ಎತ್ತಲಿಲ್ಲ. ಟೈರು ಬಿಚ್ಚು, ಟ್ಯೂಬು ಎಳೆ, ನೀರಲ್ಲಿ ಅದ್ದು, ಗುಳ್ಳೆ ನೋಡು, ಉಜ್ಜು, ಪ್ಯಾಚ್ ಹಾಕು. ಅವನ ಅಂಗಡಿಯ ಮುಂದೆ ಇಷ್ಟು ಜನ ಸೇರಿದ್ದು ಇದೇ ಮೊದಲು. ಹುಡುಗನ ಕಡೆಯವರು ಅಮ್ಮಯಮ್ಮನ ಹತ್ತಿರ ಹೆಣ್ಣಿನ ಗುಣ ವಿಚಾರಿಸುತ್ತಿದ್ದರು, ಆನಂದ ಬೈಗುಳ ಮರೆತು ಮೊಟ್ಟೆಯವನ ಜೊತೆ ಕ್ರಿಕೆಟ್ಟಿಗೆ ಇಳಿದಿದ್ದ, ಯಾರೋ ಬೋಂಡಾ ತರಿಸಿದ್ದರು. ಅವರವರಲ್ಲೇ ಮಾತು, ಅವರವರಲ್ಲೇ ನಗು. ನಜೀಬುಲ್ಲಾ ಒಮ್ಮೆ ಹಾಲಿನ ಆಟೋದವನನ್ನು, "ಎಲ್ಲಿಂದ ಬಂದ್ರಣ್ಣ? ಮನೇಲೆಲ್ಲಾ ಹುಷಾರಾ?" ಎಂದು ಮಾತಿಗೆಳೆದ.

"ಹಾಲು ಒಡ್ದೋಗತ್ತೆ, ಬೇಗ ಹಾಕಣ್ಣ" ಎಂದು ಅವನು ಆ ಕಡೆ ತಿರುಗಿದ.

ಜನ ಸೇರಿದ ಮೇಲೆ ನಜೀಬುಲ್ಲಾನ ಜೊತೆ ಯಾರಾದರೂ ಆಡಿದ ಮಾತೆಂದರೆ ಅದೊಂದೇ, "ಬೇಗ ಹಾಕಣ್ಣ". ಬೋಂಡಾ ಕೂಡ ಅವನವರೆಗೆ ಬರುವಷ್ಟರಲ್ಲಿ ಮುಗಿಯಿತು. ಇಷ್ಟು ಜನರ ನಡುವೆ ಕೂತು ಅವನಿಗೆ ಕೋಣೆಯಲ್ಲಿ ಆಗುತ್ತಿದ್ದುದಕ್ಕಿಂತ ಹೆಚ್ಚು ಬೇಜಾರಾಯಿತು.

ವೇಣುಗೋಪಾಲ್ ಸರ್ ಬಂದರು. ಅವರ ಕಾರೂ ಪಿಳ್ಳಪ್ಪನವರ ಮೊಳೆಗೆ ಸಿಕ್ಕಿ, ಸಾಲಿನ ಕೊನೆಯಲ್ಲಿ ವಾಲಿಕೊಂಡು ನಿಂತಿತು. ರಮ್ಯಶ್ರೀಯ ಜೊತೆ ಇಳಿದ ಸರ್ ಮರದ ಕೆಳಗೆ ನಿಂತು ಎಲ್ಲವನ್ನೂ ಕಣ್ತುಂಬಾ ನೋಡಿದರು. ಗಾಡಿಗಳ ಸಾಲು, ಜನರ ಕೂಗಾಟ, ಒಂಟಿ ಕಾಲಿನಲ್ಲಿ ಬೆವರು ಸುರಿಸುತ್ತಿರುವ ನಜೀಬುಲ್ಲಾ. ಅವರದು ಬಹಳ ಮೃದುವಾದ ಹೃದಯ. ಕರವಸ್ತ್ರ ತೆಗೆದು ಕಣ್ಣೊತ್ತಿಕೊಂಡರು.

"ದಿನಾ ಹಿಂಗೇನಾ?" ಎಂದು ಕೇಳಿದರು.

"ಇವತ್ತು ಕಮ್ಮಿ ಸಾರ್!" ಎಂದರು ಪಿಳ್ಳಪ್ಪ.

ನಜೀಬುಲ್ಲಾನಿಗೆ ಏನೋ ಎಡವಟ್ಟಾಗುತ್ತಿದೆ ಅನಿಸಿತು. "ಇಲ್ಲ ಸಾರ್, ಸುಳ್ಳು. ದಿನಕ್ಕೆ ಒಬ್ರು ಬಂದ್ರೆ ಹೆಚ್ಚು. ಇವರೆಲ್ಲಾ ನಂಗೋಸ್ಕರ ಬೇಕೂಂತ್ಲೇ ಪಂಚರ್ ಮಾಡ್ಕೊಂಡು ಬಂದಿರೋರು."

"ನೋಡಿದ್ರಾ ರಮ್ಯಶ್ರೀ?" ಸರ್ ಗದ್ಗದಿತರಾದರು. "ಇಷ್ಟು ಕಷ್ಟ ಪಡ್ತಿದ್ದಾರೆ, ಒಂದು ಮಾತು ಕಷ್ಟ ಅಂತ ಹೇಳ್ತಿಲ್ಲ. ಎಂಥಾ ಸ್ವಾಭಿಮಾನ! ತಾನೇ ತಾನಾಗಿ ಯಾರಾದ್ರೂ ಗಾಡಿ ಪಂಚರ್ ಮಾಡ್ಕೋತಾರಾ?"

ಊರವರೆಲ್ಲ ನೆಲ ನೋಡಿದರು.

"ಇವರ ಅಂಗಡಿ ಮುಂದುವರೀಬೇಕು. ಅದರಲ್ಲಿ ಎರಡು ಮಾತಿಲ್ಲ" ಎಂದರು ಸರ್. ಎಲ್ಲರೂ ಚಪ್ಪಾಳೆ ತಟ್ಟಿದರು. ನಜೀಬುಲ್ಲಾನ ಕಣ್ಣಲ್ಲಿ ನೀರು ಬಂತು. ಗೋಪಾಲಪ್ಪನವರಿಗೆ ಯಾರ ಕೈಲಾದರೂ ಹೇಳಿ ಕಳಿಸಬೇಕು ಎಂದುಕೊಂಡ.

"ಆದರೆ ಇಲ್ಲಿ ಅಲ್ಲ" ಎಂದು ಸರ್ ಮುಂದುವರಿಸಿದರು. "ಈ ನೂಕುನುಗ್ಗಲಲ್ಲಿ ಒಬ್ಬ ಅಂಗವಿಕಲರನ್ನ ಕೂರಿಸೋದು ಅಮಾನವೀಯ. ಊರಾಚೆ ನಮ್ಮ ಸ್ನೇಹಿತರ ಹೊಸ ಲೇಔಟ್ ಇದೆ. ಇವರಿಗೆ ಬೇಕಾದ ಹಾಗೆ ಇಳಿಜಾರು ದಾರಿ, ಹಿಡ್ಕೊಳ್ಳೋಕೆ ಕಂಬಿ, ಪ್ರತ್ಯೇಕ ಶೌಚಾಲಯ, ಎಲ್ಲಾ ಇದೆ. ಇವತ್ತೇ ಅಂಗಡಿ ಅಲ್ಲಿಗೆ ಹೋಗ್ಲಿ."

"ಸಾರ್, ನಂಗೆ ಇಲ್ಲೇ..." ಎಂದು ನಜೀಬುಲ್ಲಾ ಎದ್ದ. ಊರುಗೋಲು ಸಿಗುವ ಮೊದಲೇ ಪಿಳ್ಳಪ್ಪ ಟ್ರ್ಯಾಕ್ಟರಿಗೆ ಫೋನ್ ಮಾಡಿಯಾಗಿತ್ತು. ಸಾಲಿನ ಕೊನೆಯಲ್ಲಿದ್ದ ಸರ್ ಕಾರಿಗೂ ಪ್ಯಾಚ್ ಬಿದ್ದದ್ದೇ ತಡ, ಅಂಗಡಿ ಎತ್ತಲು ಬೀದಿಗೆ ಬೀದಿಯೇ ಕೈಜೋಡಿಸಿತು. ಆನಂದನಂತೂ ಎರಡು ಕೈಯಲ್ಲೂ ಎತ್ತಿದ. "ಸಾಬ್ರು ದೊಡ್ಡ ಲೇಔಟಿಗೆ ಹೋಗ್ತಾವ್ರೆ" ಎಂದು ಅಮ್ಮಯಮ್ಮ ಕಂಡಕಂಡವರಿಗೆಲ್ಲ ಹೇಳಿಕೊಂಡು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಯಾರಿಗೂ ನಜೀಬುಲ್ಲಾನ ಮಾತು ಕೇಳಿಸಿಕೊಳ್ಳಲು ಪುರುಸೊತ್ತಿರಲಿಲ್ಲ.

ಸಂಜೆಯ ಹೊತ್ತಿಗೆ ಅಂಗಡಿ ಲೇಔಟಿನ ಕಮಾನಿನ ಪಕ್ಕ ನೆಲೆಯೂರಿತು. ಇಳಿಜಾರು ದಾರಿ ನಿಜಕ್ಕೂ ಚೆನ್ನಾಗಿತ್ತು. ಕನ್ನಡಿಯಂಥ ಕಾಂಕ್ರೀಟ್ ರಸ್ತೆಯಲ್ಲಿ ಒಂದು ಕಲ್ಲು, ಒಂದು ಮುಳ್ಳು ಇರಲಿಲ್ಲ. ಕಣ್ಣು ಹಾಯುವವರೆಗೂ ಸೈಟಿನ ಕಲ್ಲುಗಳು. ಒಂದೇ ಒಂದು ಮನೆಯೂ ಎದ್ದಿರಲಿಲ್ಲ.

"ಇಲ್ಲಿ ವಾಚ್‌ಮನ್ ಇಲ್ವಾ ಸಾರ್?" ನಜೀಬುಲ್ಲಾ ಆಸೆಯಿಂದ ಕೇಳಿದ.

"ಎಲ್ಲಾ ಕ್ಯಾಮೆರಾ."

ಟ್ರ್ಯಾಕ್ಟರ್ ಹೋಯಿತು, ಊರವರು ಹೋದರು. ರಮ್ಯಶ್ರೀ ಅವನ ಮುಖವನ್ನೊಮ್ಮೆ ನೋಡಿ ಕಾರು ಹತ್ತಿದರು. ನಜೀಬುಲ್ಲಾ ಕಾರಿನ ಕಿಟಕಿ ಹಿಡಿದುಕೊಂಡು, "ಸಾರ್, ಒಂದೈದು ನಿಮಿಷ ಇದ್ದು ಹೋಗಿ. ಮಾತಾಡ್ಕೊಂಡು..." ಎಂದ.

ವೇಣುಗೋಪಾಲ್ ಸರ್ ಭಾವುಕರಾದರು. ಕಿಟಕಿಯಿಂದ ಕೈ ಹೊರಗೆ ಹಾಕಿ ಅವನ ಭುಜ ತಟ್ಟಿದರು.

"ಥ್ಯಾಂಕ್ಸ್ ಎಲ್ಲಾ ಬೇಡ ನಜೀಬ್ ಅವರೇ, ಇದು ನಮ್ಮ ಕರ್ತವ್ಯ. ನೀವು ಆರಾಮಾಗಿರಿ. ಇನ್ನೊಂದೆರಡು ವರ್ಷ ಒಂದು ನರಪಿಳ್ಳೆ ಕೂಡ ನಿಮ್ಮ ತಂಟೆಗೆ ಬರಲ್ಲ. ಅದಕ್ಕೆ ನಾನು ಗ್ಯಾರಂಟಿ."